ಬರೀ ಎರಡು ದಿನ, ಅದರಲ್ಲೊಂದು ಭಾನುವಾರ

ಕಾರಿನ ಬಿಡಿಭಾಗ ತಯಾರಿಸುವ ಜಪಾನಿ ಕಂಪನಿಯೊಂದರ ಇಲ್ಲಿನ ಪ್ಲಾಂಟ್‌ನಲ್ಲಿ ಕ್ವಾಲಿಟಿ ವಿಭಾಗದ ಅಸಿಸ್ಟೆಂಟ್ ಮ್ಯಾನೇಜರ್ ಆಗಿರುವ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು, ಊರು ಬೇಡ ಅಂದಿದ್ದಾರೆ, ಬಿಟ್ಟಿದ್ದೇನೆ. ಬಿಡದಿ, ನರಸಾಪುರ, ವಸಂತನರಸಾಪುರದ ಕಡೆಗೆ ಬೆಳಗ್ಗೆ ಕಂಪನಿ ಬಸ್ ಹತ್ತುವ ಹಲವರಿಗೆ ಇದು ತಮ್ಮದೇ ಪತ್ರ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದದ್ದಿಷ್ಟು. ಶುಕ್ರವಾರ ಬೆಳಗ್ಗೆ 11ಕ್ಕೆ ಬಿಡಿಭಾಗ ಕೊಳ್ಳುವ ಕಸ್ಟಮರ್ ಕಂಪನಿಯ ಜೋಡಣಾ ಲೈನ್‌ನಿಂದ ಇವರಿಗೆ ಫೋನ್ ಬಂತು. ಅಲ್ಯುಮಿನಿಯಂ ಹೌಸಿಂಗ್‌ನ ಎಂ6 (6 ಮಿ.ಮೀ. ಬೋಲ್ಟ್ ಕೂರುವ) ತೂತಿನಲ್ಲಿ ಬೋಲ್ಟ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ, 12 ಪೀಸ್. ಇವರು ಊಟ ಬಿಟ್ಟು ಓಡಾಡಿ ಸಂಜೆಯೊಳಗೆ ಅನುಮಾನದ 480 ಪೀಸ್‌ಗಳನ್ನು ತಡೆಹಿಡಿದರು. ಶನಿವಾರ ಕಾರಣವೂ ಸಿಕ್ಕಿತು. ರಾತ್ರಿ ಪಾಳಿಯಲ್ಲಿ ಟ್ಯಾಪ್ (ತೂತಿನೊಳಗೆ ಬೋಲ್ಟ್‌ನ ಥ್ರೆಡ್ ಕೊರೆಯುವ ಉಪಕರಣ) ಬದಲಿಸದೆ, ಅದು ಎಷ್ಟು ಬಳಕೆಯಾಗಿದೆ ಅಂತ ಎಣಿಸುವ ಟೂಲ್ ಲೈಫ್ ಕೌಂಟರ್ ಮಾತ್ರ ಸೊನ್ನೆಗೆ ತಂದಿದ್ದರು. ಸವೆದ ಟ್ಯಾಪ್ ಥ್ರೆಡ್ ಬಿಗಿಯಾಗಿ ಕೊರೆಯಿತು. ಥ್ರೆಡ್ ಗೇಜ್ ಹಾಕಿ ಪರೀಕ್ಷಿಸುವುದು ಪಾಳಿಯ ಮೊದಲ ಪೀಸಿಗೆ ಮಾತ್ರ, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಸೋಮವಾರದ ಮೀಟಿಂಗ್‌ನಲ್ಲಿ 14 ಸ್ಲೈಡ್ ತೋರಿಸಿದರು. ಜಪಾನಿ ಅಡ್ವೈಸರ್ ಕೊನೆಯವರೆಗೂ ಕೇಳಿಸಿಕೊಂಡು "ಓಕೆ, ಥ್ಯಾಂಕ್ಯೂ" ಅಂದರು, ಅಷ್ಟೇ. ಅವತ್ತಿನಿಂದ ದಿನಕ್ಕೆರಡು ಸಲ ವರದಿ ಕೇಳುತ್ತಿದ್ದಾರೆ, ಸಣ್ಣಪುಟ್ಟದ್ದಕ್ಕೂ ಲೈನ್ ಹತ್ತಿರ ಬಂದು ನಿಲ್ಲುತ್ತಾರೆ. "ಹನ್ನೊಂದು ವರ್ಷದ ಸರ್ವಿಸ್ ನನ್ನದು. ಟ್ರೈನಿ ಥರ ನೋಡುತ್ತಿದ್ದಾರೆ. ಅಮೆರಿಕನ್ ಕಂಪನಿಯ ಆಫರ್ ಲೆಟರ್ ಕೈಯಲ್ಲಿದೆ, ತಿಂಗಳ ಕೊನೆಗೆ ಉತ್ತರ ಕೊಡಬೇಕು. ಬಿಟ್ಟುಬಿಡಲೇ?"

ತಾಯಿ, ಆಫರ್ ಲೆಟರ್ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದ ಎರಡನೇ ಪುಟದಲ್ಲಿ ಒಂದು ಸಾಲನ್ನು ಕಂಸದೊಳಗೆ ಹಾಕಿಟ್ಟಿದ್ದೀರಿ: "ಡಿಜಿಎಂ [ಡೆಪ್ಯುಟಿ ಜನರಲ್ ಮ್ಯಾನೇಜರ್] ಸರ್ ರೂಟ್ ಕಾಸ್ ಸಿಗಲಿ, ಪೂರ್ತಿ ಉತ್ತರ ಇಟ್ಟುಕೊಂಡೇ ಹೇಳೋಣ ಅಂದರು. ಬರೀ ಎರಡು ದಿನ ತಡವಾಯಿತು, ಅದರಲ್ಲೊಂದು ಭಾನುವಾರ. ಅಷ್ಟರಲ್ಲಿ ಅಡ್ವೈಸರ್‌ಗೆ ಕಸ್ಟಮರ್ ಕಡೆಯಿಂದ ಹೇಗೋ ಗೊತ್ತಾಗಿತ್ತಂತೆ." ಟ್ಯಾಪ್, ಕೌಂಟರ್, ಗೇಜ್ ಬಗ್ಗೆ ಒಂದಿಡೀ ಪುಟ ಬರೆದವರು ಇದನ್ನು ಕಂಸದಲ್ಲಿ ಮುಗಿಸಿದ್ದೀರಲ್ಲ, ನಿಮ್ಮ ತೊಂದರೆಯೆಲ್ಲ ಇರುವುದು ಅಲ್ಲೇ.

"ಹೇಗೋ" ಅನ್ನುವುದಕ್ಕೆ ಏನಿದೆ? ಕಸ್ಟಮರ್ ಕಂಪನಿಯಲ್ಲೂ ಜಪಾನಿನವರಿದ್ದಾರೆ, ನಿಮ್ಮಲ್ಲೂ ಇದ್ದಾರೆ. ಶನಿವಾರ ಬೆಳಗ್ಗೆ ಅವರು ಇವರಿಗೆ ತಮ್ಮ ಭಾಷೆಯಲ್ಲೇ ಫೋನ್ ಮಾಡಿ "ಎಷ್ಟು ಪೀಸ್ ಹೊರಗೆ ಬಂದಿದೆ?" ಅಂತ ಕೇಳಿರುತ್ತಾರೆ. ಇವರು "ವಿಚಾರಿಸಿ ಹೇಳುತ್ತೇನೆ" ಅಂದಿರುತ್ತಾರೆ. ಅಡ್ವೈಸರ್ ಅನ್ನುವವರು ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೆಂದು ಬಂದವರು. ಪ್ಲಾಂಟ್‌ನ ಆರ್ಗನೈಸೇಷನ್ ಚಾರ್ಟ್‌ನಲ್ಲಿ ಅವರ ಕೆಳಗೆ ಹೆಚ್ಚು ಜನ ಇರುವುದಿಲ್ಲ, ಆದರೆ ಜಪಾನಿನ ಮದರ್ ಪ್ಲಾಂಟ್‌ನ ಪ್ರಶ್ನೆಗಳೆಲ್ಲ ಮೊದಲು ಬಂದು ಬೀಳುವುದು ಅವರ ತಲೆಯ ಮೇಲೆ. 12 ಪೀಸ್ ಕೆಟ್ಟದ್ದನ್ನು ಅವರು ಅಲ್ಲಿಗೆ ವಿವರಿಸಬಲ್ಲರು. ತನ್ನದೇ ಪ್ಲಾಂಟ್‌ನ ಸಮಸ್ಯೆಯನ್ನು ಹೊರಗಿನವರ ಬಾಯಿಂದ ಕೇಳಿದ್ದನ್ನು ಏನಂತ ವಿವರಿಸುವುದು?

ಗಡಿಯಾರವನ್ನೂ ನೋಡಿ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಶುಕ್ರವಾರ ನಿಮಗೆ 11ಕ್ಕೆ ಫೋನ್ ಬಂದಾಗ ಅಲ್ಲಿ ಮಧ್ಯಾಹ್ನ ಎರಡೂವರೆ, ಮದರ್ ಪ್ಲಾಂಟ್‌ನ ಕ್ವಾಲಿಟಿಯವರು ಕುರ್ಚಿಯಲ್ಲೇ ಇದ್ದರು. ಟ್ಯಾಪ್ ಬದಲಿಸದೆ ಕೌಂಟರ್ ಸೊನ್ನೆ ಮಾಡಬಹುದಾದ ಮಷೀನ್ ನಿಮ್ಮಲ್ಲೊಂದೇ ಇದೆಯೇ? ಅದೇ ಮಾದರಿಯದು ಥಾಯ್ಲೆಂಡಿನಲ್ಲೋ ಇಂಡೊನೇಷ್ಯಾದಲ್ಲೋ ಇದ್ದರೆ ಅವರೂ ಅವತ್ತೇ ಗೇಜ್ ಹಾಕಿ ನೋಡಬಹುದಿತ್ತು. ಯೊಕೊತೆನ್, ಅಂದರೆ ಒಂದು ಕಡೆ ಕಲಿತದ್ದನ್ನು ಉಳಿದ ಪ್ಲಾಂಟ್‌ಗಳಿಗೂ ಹಂಚು ಅಂತ ನಿಮ್ಮ ಗೋಡೆ ಮೇಲೆ ಬರೆದಿರುವುದು ಇದಕ್ಕೇ.

ನಿಮ್ಮ ಡಿಜಿಎಂ ಬಗ್ಗೆ ನನಗೆ ಎಳ್ಳಷ್ಟೂ ಮರುಕವಿಲ್ಲ. ಮದುವೆಮನೆಯಲ್ಲಿ ಸಾರು ಮುಗಿದದ್ದನ್ನು ಕೊನೇ ಪಂಕ್ತಿ ಎದ್ದ ಮೇಲೆ ಯಜಮಾನನ ಕಿವಿಗೆ ಹಾಕುವವರ ಜಾತಿ ಅದು. ಒಳ್ಳೆಯ ಹೆಸರು ಬಂದರೆ ಮೀಟಿಂಗ್‌ನಲ್ಲಿ ಮುಂದೆ ಕೂರುತ್ತಾರೆ, ಕೆಟ್ಟ ಸುದ್ದಿಗೆ ನಿಮ್ಮನ್ನು ಮುಂದೆ ಬಿಡುತ್ತಾರೆ. ಜಪಾನಿ ಕಂಪನಿಗಳಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಕಲಿಸುವ ಹೊರೆನ್ಸೋ, ಅಂದರೆ ವರದಿ ಮಾಡು, ತಿಳಿಸು, ಸಲಹೆ ಕೇಳು ಅನ್ನುವ ಪಾಠವನ್ನು 1982ರಲ್ಲಿ ಶುರುಮಾಡಿದ್ದು ಯಮತಾನೆ ಸೆಕ್ಯೂರಿಟೀಸ್‌ನ ಅಧ್ಯಕ್ಷರಾಗಿದ್ದ ತೊಮಿಜಿ ಯಮಜಾಕಿ. ಈಗ ಅದನ್ನು ಕೆಳಗಿನವರ ಕರ್ತವ್ಯ ಅಂತಷ್ಟೇ ಹೇಳಿಕೊಡುತ್ತಾರೆ. ಯಮಜಾಕಿಯವರ ಕಾಳಜಿ ಇದ್ದದ್ದು ಕೆಳಗಿನ ಮಾತು ಮೇಲಿನವರೆಗೆ ತಡೆಯಿಲ್ಲದೆ ಬರಬೇಕು ಅನ್ನುವುದರಲ್ಲಿ, ಅದಕ್ಕೆ ದಾರಿ ಮಾಡಿಕೊಡಬೇಕಾದವರು ಮೇಲಿನವರು. ನಿಮ್ಮ ಡಿಜಿಎಂ ಆ ದಾರಿಗೇ ಅಡ್ಡ ಕೂತಿದ್ದಾರೆ.

ಅಡ್ವೈಸರ್ ಕೂಡ ಪೂರ್ತಿ ಸಾಚಾ ಅಲ್ಲ. ಮುಖ ನೋಡಿ ಮನಸ್ಸು ತಿಳಿಯಬೇಕು ಅನ್ನುವುದು ಅವರ ಊರಿನ ಆಫೀಸಿನಲ್ಲಿ ನಡೆದೀತು. ಇಲ್ಲಿ "ಶುಕ್ರವಾರವೇ ಯಾಕೆ ಹೇಳಲಿಲ್ಲ?" ಅಂತ ಬಾಯಿಬಿಟ್ಟು ಕೇಳಬೇಕಿತ್ತು. ಕೇಳದೆ ದಿನಕ್ಕೆರಡು ವರದಿಯ ಶಿಕ್ಷೆ ಹಾಕಿದ್ದಾರೆ. ಆದರೆ ಒಂದು ಗಮನಿಸಿ: ವರದಿಯನ್ನು ಅವರು ಡಿಜಿಎಂ ಹತ್ತಿರ ಕೇಳುತ್ತಿಲ್ಲ, ನಿಮ್ಮ ಹತ್ತಿರ ಕೇಳುತ್ತಿದ್ದಾರೆ. ಯಾರನ್ನು ನಂಬಬಹುದು ಅಂತ ಅವರು ಒಂದು ಲೆಕ್ಕ ಹಾಕಿರುವ ಹಾಗಿದೆ.

ಈ ಅಂಕಣ ಓದುವವರಿಗೆ ಗೊತ್ತು, ಕೆಟ್ಟ ಸುದ್ದಿಗೆ ಸ್ಲೈಡ್ ಬೇಡ ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಮೊದಲ ವರದಿ ಆರು ಸಾಲು ಸಾಕು. ಯಾವ ಪಾರ್ಟ್, ಏನು ತೊಂದರೆ, ಎಷ್ಟು ಪೀಸ್ ಸಿಕ್ಕಿದೆ. ಅನುಮಾನದ ಲಾಟ್ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗಿನದು. ಆ ಮಾಲು ಈಗ ಎಲ್ಲೆಲ್ಲಿದೆ: ನಮ್ಮ ಲೈನ್‌ನಲ್ಲಿ, ಫಿನಿಶ್ಡ್ ಗೂಡ್ಸ್ ಸ್ಟೋರ್‌ನಲ್ಲಿ, ದಾರಿಯಲ್ಲಿರುವ ಲಾರಿಯಲ್ಲಿ, ಕಸ್ಟಮರ್ ಸ್ಟೋರ್‌ನಲ್ಲಿ, ಕಸ್ಟಮರ್ ಲೈನ್‌ನಲ್ಲಿ, ಒಂದೊಂದು ಕಡೆಯೂ ಎಷ್ಟೆಷ್ಟು. ತಡೆಯಲು ಏನು ಮಾಡಿದೆವು. ಏನು ಇನ್ನೂ ಗೊತ್ತಿಲ್ಲ. ಮುಂದಿನ ವರದಿ ಎಷ್ಟು ಗಂಟೆಗೆ. ಜೊತೆಗೆ ಒಳ್ಳೆಯ ಪೀಸ್ ಮತ್ತು ಕೆಟ್ಟ ಪೀಸ್ ಅಕ್ಕಪಕ್ಕ ಇಟ್ಟು ತೆಗೆದ ಒಂದು ಫೋಟೊ. ಹೆಚ್ಚಿನವರು ತಪ್ಪುವುದು ಐದನೇ ಸಾಲಿನಲ್ಲಿ. ಗೊತ್ತಿಲ್ಲ ಅಂತ ಬರೆಯಲು ನಾಚಿಕೆ, ಅದಕ್ಕೇ ಉತ್ತರ ಸಿಗುವವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಲಾರಿ ಕಸ್ಟಮರ್ ಗೇಟ್ ದಾಟಿರುತ್ತದೆ. ಇನ್ನು ವಾಟ್ಸಾಪ್ ಗ್ರೂಪಿಗೆ ಹಾಕಿ ನೀಲಿ ಟಿಕ್ ನೋಡಿಕೊಂಡು ಕೂರುವುದು ವರದಿಯಲ್ಲ. ಕೆಟ್ಟ ಪೀಸ್ ಕೈಯಲ್ಲಿ ಹಿಡಿದು ಅವರ ಮೇಜಿನ ಹತ್ತಿರ ಹೋಗಬೇಕು.

ಈಗ ನೀವು ಮಾಡಬೇಕಾದದ್ದು ಒಂದೇ. ನಿಮ್ಮ ರಿಪೋರ್ಟಿನಲ್ಲಿ ಎರಡು ಫೈವ್ ವೈ (ಯಾಕೆ ಅಂತ ಐದು ಸಲ ಕೇಳುತ್ತಾ ಮೂಲ ಕಾರಣಕ್ಕೆ ಇಳಿಯುವ ವಿಧಾನ) ಇದ್ದಿರಬೇಕು: ದೋಷ ಯಾಕೆ ಹುಟ್ಟಿತು, ಯಾಕೆ ಹೊರಗೆ ಹೋಯಿತು. ಮೂರನೆಯದನ್ನು ಬರೆಯಿರಿ: ಸುದ್ದಿ ಯಾಕೆ ತಡವಾಯಿತು. ಒಂದು ಎ3 ಹಾಳೆ, ಪೆನ್ಸಿಲ್‌ನಲ್ಲಿ. ಯಾಕೆ ಯಾಕೆ ಅಂತ ಇಳಿಯುತ್ತಾ ಹೋದಾಗ ಡಿಜಿಎಂ ಹೆಸರಿನ ಮೇಲೆ ನಿಲ್ಲಬೇಡಿ, ಎಷ್ಟೇ ಆಸೆಯಾದರೂ. ವ್ಯಕ್ತಿಯ ಮೇಲೆ ನಿಂತ ಫೈವ್ ವೈ ಅನ್ನು ಯಾವ ಜಪಾನಿ ಎಂಜಿನಿಯರೂ ಒಪ್ಪುವುದಿಲ್ಲ, "ಆಪರೇಟರ್ ಅಜಾಗರೂಕತೆ" ಅಂತ ಬರೆದ ರಿಪೋರ್ಟ್ ವಾಪಸ್ ಬರುವುದು ನಿಮಗೇ ಗೊತ್ತು. ಇನ್ನೊಂದು ಮೆಟ್ಟಿಲು ಇಳಿದರೆ ನಿಜವಾದ ಕಾರಣ ಸಿಗುತ್ತದೆ: ಕಸ್ಟಮರ್ ದೂರು ಬಂದಾಗ ಮೊದಲ ವರದಿ ಯಾರು, ಯಾರಿಗೆ, ಎಷ್ಟು ಹೊತ್ತಿನೊಳಗೆ ಕೊಡಬೇಕು ಅಂತ ನಿಮ್ಮಲ್ಲಿ ಎಲ್ಲೂ ಬರೆದಿಟ್ಟಿಲ್ಲ, ಅಥವಾ ಬರೆದಿಟ್ಟದ್ದನ್ನು ಯಾರೂ ಪಾಲಿಸುತ್ತಿಲ್ಲ. ಪರಿಹಾರದ ಜಾಗದಲ್ಲಿ ಹೀಗೆ ಬರೆಯಿರಿ: ದೂರು ಬಂದ 30 ನಿಮಿಷದೊಳಗೆ, ಕಾರಣ ಗೊತ್ತಿರಲಿ ಬಿಡಲಿ, ಡಿಜಿಎಂ ಮತ್ತು ಅಡ್ವೈಸರ್ ಇಬ್ಬರಿಗೂ ಒಂದೇ ಸಲ ಮೊದಲ ವರದಿ, ರಜಾದಿನವಾದರೆ ಫೋನ್.

ಹಾಳೆಯನ್ನು ಒಂದು ದಿನ ಮೊದಲು ಡಿಜಿಎಂಗೆ ತೋರಿಸಿ. ಬೆನ್ನ ಹಿಂದೆ ಹೋದಿರಿ ಅನ್ನುವ ಮಾತು ಬರಬಾರದು, ಅಡ್ವೈಸರ್‌ಗೂ ಅದು ಹಿಡಿಸದು. ಅಭಿಪ್ರಾಯ ಕೇಳಿ, ಒಂದೆರಡು ಪದ ತಿದ್ದಲು ಬಿಡಿ, 30 ನಿಮಿಷವನ್ನು ಮಾತ್ರ ಬಿಟ್ಟುಕೊಡಬೇಡಿ. ಮರುದಿನ ಬೆಳಗ್ಗೆ ಆ ಟ್ಯಾಪಿಂಗ್ ಮಷೀನ್ ಪಕ್ಕದಲ್ಲೇ ಅಡ್ವೈಸರ್ ಕೈಗೆ ಕೊಡಿ. ಇಂಗ್ಲಿಷ್‌ನಲ್ಲಿ ಚಿಕ್ಕ ಚಿಕ್ಕ ವಾಕ್ಯ, ಇಂಟರ್‌ಪ್ರಿಟರ್ ಇದ್ದರೆ ಅವರಿಗೆ ಹಿಂದಿನ ದಿನವೇ ಒಂದು ಪ್ರತಿ. ಅವರು ಸುಮ್ಮನಿದ್ದರೆ ನೀವೂ ಸುಮ್ಮನಿರಿ, ಮೌನ ತುಂಬಿಸಲು ಹೋಗಿ ಇಲ್ಲದ ಸಮಜಾಯಿಷಿ ಕೊಡಬೇಡಿ. ಪೆನ್ಸಿಲ್ ತೆಗೆದು ಹಾಳೆ ತಿದ್ದಲು ಶುರುಮಾಡಿದರೆ ಕೆಲಸ ಆಯಿತು ಅಂತಲೇ ತಿಳಿಯಿರಿ.

ಆಫರ್‌ಗೆ ಉತ್ತರ ಈ ಹಾಳೆಯಾದ ಮೇಲೆ ಕೊಡಿ. ಡಿಜಿಎಂ ಅದನ್ನು ತಡೆದು, ಅಡ್ವೈಸರ್ ಕೂಡ ಎತ್ತಿಕೊಳ್ಳದೆ ಹೋದರೆ ಸಹಿ ಹಾಕಿ, ನನ್ನದೇನೂ ತಕರಾರಿಲ್ಲ. ಹೊಸ ಕಂಪನಿಯ ಇಂಟರ್‌ವ್ಯೂನಲ್ಲಿ ಕೇಳಿರದಿದ್ದರೆ, ಸಹಿಗೆ ಮೊದಲು ಅವರ ಎಚ್‌ಆರ್‌ಗೆ ಒಂದು ಪ್ರಶ್ನೆ ಕೇಳಿಬಿಡಿ: ಅಲ್ಲಿ ಕಸ್ಟಮರ್ ದೂರು ಬಂದರೆ ಮೊದಲ ವರದಿ ಎಷ್ಟು ಹೊತ್ತಿನೊಳಗೆ, ಯಾರಿಗೆ?