ಕುರಿ ಲಾರಿ ಹತ್ತಿಸುವ ಮೊದಲು: ಬಳ್ಳಾರಿ ಝೂನಲ್ಲಿ ಕಂಡದ್ದು

ಸಿರುಗುಪ್ಪದ ತಮ್ಮ, ಗುಂಪಿನಲ್ಲಿ ನಿಮ್ಮ ಪ್ರಶ್ನೆ ಬೆಳಿಗ್ಗೆ ಓದಿದೆ. ಮೇ ತಿಂಗಳಲ್ಲಿ ಕುರಿಗಳನ್ನು ಕೂಡ್ಲಿಗಿ ಹತ್ತಿರದ ಹೊಸ ಶೆಡ್‌ಗೆ ಸಾಗಿಸಬೇಕು, ಹೋದ ಸಲ ಲಾರಿಯಲ್ಲಿ ಒಂದೂ ಸಾಯಲಿಲ್ಲ, ಇಳಿಸಿದ ಎರಡು ದಿನಕ್ಕೆ ಮೂರು ಸತ್ತವು, ಯಾಕೆ ಅಂತ ಕೇಳಿದ್ದೀರಿ. ಜೊತೆಗೆ "ಅಣ್ಣಾ ನೀವು ಝೂನಲ್ಲಿದ್ದವರು, ಜಿಂಕೆ ಹೇಗೆ ಸಾಗಿಸುತ್ತಾರೆ?" ಅಂತಲೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಹೆಚ್ಚು ಕಮ್ಮಿ ಒಂದೇ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ಗೊತ್ತಿಲ್ಲದವರಿಗೆ: ನಾನು ಇದ್ದದ್ದು ಬಳ್ಳಾರಿ ಊರೊಳಗಿನ ಮಕ್ಕಳ ಉದ್ಯಾನದ ಝೂನಲ್ಲಿ. ಈಗ ಅದು ಇಲ್ಲ. ಕಮಲಾಪುರದ ಹತ್ತಿರ ಅಟಲ್ ಬಿಹಾರಿ ವಾಜಪೇಯಿ ಝೂಲಾಜಿಕಲ್ ಪಾರ್ಕ್ ಆಯಿತಲ್ಲ, 2017ರಲ್ಲಿ ಶುರುವಾದದ್ದು, ಅಲ್ಲಿಗೆ ಪ್ರಾಣಿಗಳನ್ನು ಕಳಿಸಿ ಇಲ್ಲಿಯದನ್ನು ಮುಚ್ಚಿದರು. ಆಗ ಕಮಲಾಪುರವೂ ಬಳ್ಳಾರಿ ಜಿಲ್ಲೆಯೇ, ವಿಜಯನಗರ ಜಿಲ್ಲೆ ಬಂದದ್ದು ಆಮೇಲೆ. ಮುಚ್ಚಿದ್ದಕ್ಕೆ ಈಗಲೂ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ, ಮಕ್ಕಳನ್ನು ಸಂಜೆ ಕರೆದುಕೊಂಡು ಹೋಗಲು ಒಂದು ಜಾಗ ಹೋಯಿತು ಅಂತ. ನನ್ನ ಕೇಳಿದರೆ ಮುಚ್ಚಿದ್ದೇ ಸರಿ. ಊರ ಮಧ್ಯೆ ಚಿಕ್ಕ ಜಾಗ, ಸುತ್ತ ಹಾರ್ನ್ ಸದ್ದು, ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ.

ಆದರೆ ಕೆಲಸ ಕಲಿಯಲು ಆ ಚಿಕ್ಕ ಜಾಗ ಒಳ್ಳೆಯದಿತ್ತು. ಪ್ರಾಣಿ ಕೈಯಳತೆಯಲ್ಲೇ ಇರುತ್ತಿತ್ತು. ಚುಕ್ಕೆ ಜಿಂಕೆಗೆ ದಿಗಿಲಾದರೆ ಮೊದಲು ಓಡುವುದಿಲ್ಲ. ಕತ್ತು ನೆಟ್ಟಗೆ ಮಾಡುತ್ತದೆ, ಎರಡೂ ಕಿವಿ ಒಂದೇ ಕಡೆ ತಿರುಗುತ್ತವೆ, ಮುಂಗಾಲನ್ನು ಒಂದು ಸಲ ನೆಲಕ್ಕೆ ಬಡಿಯುತ್ತದೆ. ಟಪ್ ಅಂತ ಸದ್ದು ಕೇಳುತ್ತದೆ. ಬಾಲ ಎದ್ದು ಕೆಳಗಿನ ಬಿಳಿ ಕಂಡಿತು ಅಂದರೆ ಮುಗೀತು, ಇಡೀ ಹಿಂಡು ಬೇಲಿ ಕಡೆ ಹಾರುತ್ತದೆ. ಕಾಲು ಬಡಿದ ಕೂಡಲೇ ನಾವು ಇದ್ದಲ್ಲೇ ನಿಂತುಬಿಡುತ್ತಿದ್ದೆವು, ಕೈಯಲ್ಲಿ ಬಕೆಟ್ ಇದ್ದರೂ ಕೆಳಗಿಡುತ್ತಿರಲಿಲ್ಲ. ಒಂದೆರಡು ನಿಮಿಷದಲ್ಲಿ ಒಂದು ಹೆಣ್ಣು ತಲೆ ತಗ್ಗಿಸಿ ಮೇವಿಗೆ ಬಾಯಿ ಹಾಕಿದರೆ ಉಳಿದವೂ ಬರುತ್ತಿದ್ದವು.

ಯಾಕೆ ಇಷ್ಟು ಹುಷಾರು ಅಂದರೆ, ಜಿಂಕೆಯನ್ನು ಅಟ್ಟಾಡಿಸಿ ಹಿಡಿದರೆ ಆಗ ಸಾಯುವುದಿಲ್ಲ, ಆಮೇಲೆ ಸಾಯುತ್ತದೆ. ಡಾಕ್ಟರುಗಳು ಇದಕ್ಕೆ ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ಹೆದರಿ, ಓಡಿ, ಒದ್ದಾಡಿ ಮೈಯ ಮಾಂಸಖಂಡವೇ ಒಳಗೆ ಹಾಳಾಗುತ್ತದೆ, ಅದರ ವಿಷ ರಕ್ತಕ್ಕೆ ಸೇರಿ ಮೂತ್ರಪಿಂಡ ಕೆಡುತ್ತದೆ. ಕಾಲು ಸೆಟೆದುಕೊಳ್ಳುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಲವು ಗಂಟೆಗಳಲ್ಲೂ ಹೋಗಬಹುದು, ದಿನಗಳಾದ ಮೇಲೂ ಹೋಗಬಹುದು. ಆ ಹಂತಕ್ಕೆ ಬಂದ ಮೇಲೆ ಔಷಧ ಅಷ್ಟಾಗಿ ಹಿಡಿಯುವುದಿಲ್ಲ. ಕುರಿಗೆ ಜಿಂಕೆಯಷ್ಟು ಸೂಕ್ಷ್ಮ ಇಲ್ಲ, ನಿಜ. ಆದರೂ 40 ಡಿಗ್ರಿ ಬಿಸಿಲಲ್ಲಿ ನಾಲ್ಕು ಜನ ಕೂಗುತ್ತಾ ಅಟ್ಟಿ, ಉಣ್ಣೆ ಹಿಡಿದು ಎಳೆದು, ಎತ್ತಿ ಒಗೆದರೆ ಕುರಿಗೂ ಪೆಟ್ಟು ಬೀಳುತ್ತದೆ.

ಇನ್ನೊಂದು ಕಾರಣವೂ ಇದೆ. ಸಾಗಣೆಯ ಸುಸ್ತಿನಲ್ಲಿ ಗಳಲೆ ರೋಗ (ಗಂಟಲು ಊದಿಸುವ ಬ್ಯಾಕ್ಟೀರಿಯಾ ಸೋಂಕು), ಪುಪ್ಪುಸದ ಸೋಂಕು ಎದ್ದು ಬರುತ್ತವೆ. ಗಳಲೆ ಎಷ್ಟು ಬೇಗ ಹೊಡೆಯುತ್ತದೆ ಅಂತ 2025ರ ನವೆಂಬರಿನಲ್ಲಿ ಬೆಳಗಾವಿಯ ಭೂತರಾಮನಹಟ್ಟಿ ಝೂನಲ್ಲಿ ನೋಡಿದೆವಲ್ಲ, ಕೆಲವೇ ದಿನಗಳಲ್ಲಿ ಸುಮಾರು 30 ಕೃಷ್ಣಮೃಗ ಹೋದವು. ನಿಮ್ಮ ಮೂರು ಯಾವುದರಿಂದ ಸತ್ತವು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಮುಂದೆ ಒಂದು ಸತ್ತರೂ ಹೂಳುವ ಮೊದಲು ಪೋಸ್ಟ್‌ಮಾರ್ಟಂ ಮಾಡಿಸಿ. ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಯಾರೋ "ಹತ್ತಿಸುವ ಮೊದಲು ಒಂದು ಇಂಜೆಕ್ಷನ್ ಹೊಡೆಸಿ, ಲಾರಿ ಜೋರಾಗಿ ಓಡಿಸಿ" ಅಂದಿದ್ದಾರೆ. ದಯವಿಟ್ಟು ಎರಡೂ ಬೇಡ.

ಜಿಂಕೆ ಸಾಗಿಸಲು ಬೋಮಾ ಅಂತ ಒಂದು ಪದ್ಧತಿ ಇದೆ, ಆಫ್ರಿಕಾದಿಂದ ಬಂದದ್ದು, ಮಧ್ಯಪ್ರದೇಶದಲ್ಲಿ ಚೆನ್ನಾಗಿ ಬಳಸುತ್ತಾರೆ. ಬಾಯಿ ಅಗಲ, ಹೋಗ್ತಾ ಹೋಗ್ತಾ ಕಿರಿದಾಗುವ ಓಣಿ ಕಟ್ಟುತ್ತಾರೆ. ಎರಡೂ ಬದಿ ಹಸಿರು ಪರದೆ ಅಥವಾ ಹುಲ್ಲಿನ ತಟ್ಟಿ, ಹೊರಗಿನದು ಏನೂ ಕಾಣಬಾರದು. ಕೊನೆಯಲ್ಲಿ ಗಾಡಿ. ಒಳಗೆ ಮೇವು ಇಟ್ಟು ದಿನಗಟ್ಟಲೆ ಸುಮ್ನೆ ಬಿಡುತ್ತಾರೆ, ಅವು ತಾವಾಗಿಯೇ ಬಂದು ತಿಂದು ಹೋಗುವುದು ರೂಢಿ ಆಗುತ್ತದೆ. ಪ್ರಾಣಿಗೆ ಯಾರೂ ಕೈ ಹಾಕುವುದಿಲ್ಲ. ಚಿರತೆಯಂಥದ್ದನ್ನು ಪೆಟ್ಟಿಗೆಯಲ್ಲಿ ಸಾಗಿಸುವುದಾದರೂ ಅಷ್ಟೇ, ಪೆಟ್ಟಿಗೆಯನ್ನು ಬಹಳ ದಿನ ಮೊದಲೇ ಪಂಜರದ ಬಾಗಿಲಿಗೆ ಕೂಡಿಸಿ ಊಟ ಅದರೊಳಗೇ ಇಡುತ್ತಾರೆ.

ನಿಮಗೆ ಇಷ್ಟೆಲ್ಲ ಬೇಡ, ಖರ್ಚೂ ಇಲ್ಲ. ಹದಿನೈದು ದಿನ ಮೊದಲೇ ಶೆಡ್ ಬಾಗಿಲಿಗೆ ಓಣಿ ಕಟ್ಟಿ, ಹಳೆ ಗೋಣಿಚೀಲ ಅಥವಾ ಶೇಡ್‌ನೆಟ್ ಸಾಕು, ಸಂದು ಇರಬಾರದು ಅಷ್ಟೇ. ಸಂಜೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಏನು ಕೊಡುತ್ತೀರೋ ಅದನ್ನು ಓಣಿಯ ಕೊನೆಯಲ್ಲೇ ಹಾಕಿ. ಹತ್ತುವ ಹಲಗೆ ಜಾರಬಾರದು, ಅಡ್ಡಪಟ್ಟಿ ಹೊಡೆಸಿ, ಮೇಲೆ ಮಣ್ಣು ಹರಡಿ. ಹಲಗೆಗೂ ಲಾರಿಗೂ ಮಧ್ಯೆ ಬೆಳಕಿನ ಸಂದು ಕಂಡರೆ ಮುಂದಿನ ಕುರಿ ನಿಲ್ಲುತ್ತದೆ, ಅದು ನಿಂತರೆ ಹಿಂದಿನ ನಲವತ್ತೂ ನಿಲ್ಲುತ್ತವೆ. ಕೈಗೆ ಒಗ್ಗಿದ ಟಗರೋ ಆಡೋ ಇದ್ದರೆ ಅದನ್ನು ಮೊದಲು ಹತ್ತಿಸಿ. ಲಾರಿ ಒಳಗೆ ಕತ್ತಲಿದ್ದರೆ ಮುಂದುಗಡೆ ಒಂದು ದೀಪ ಇಡಿ, ಕುರಿ ಕತ್ತಲೊಳಗೆ ನುಗ್ಗುವುದಿಲ್ಲ.

ಪಿಪಿಆರ್ (ಕುರಿ-ಆಡುಗಳ ಪ್ಲೇಗ್), ಕರುಳುಬೇನೆ, ಗಳಲೆ ಲಸಿಕೆ ಬಾಕಿ ಇದ್ದರೆ ಪಶು ಆಸ್ಪತ್ರೆಯಲ್ಲಿ ಕೇಳಿ ಮೂರು ವಾರ ಮುಂಚೆಯೇ ಮುಗಿಸಿ, ಹೊರಡುವ ಹಿಂದಿನ ದಿನ ಹಾಕಿಸಿ ಪ್ರಯೋಜನವಿಲ್ಲ. ಆರೋಗ್ಯ ಪ್ರಮಾಣ ಪತ್ರವನ್ನೂ ಆಗಲೇ ಕೇಳಿಟ್ಟುಕೊಳ್ಳಿ. ಹಿಂದಿನ ಸಂಜೆ ಕಾಳು, ಹಿಂಡಿ ಬೇಡ, ಒಣ ಮೇವು ಸಾಕು. ನೀರು ಮಾತ್ರ ಹತ್ತಿಸುವವರೆಗೂ ಇರಲಿ. ನಸುಕಿನ ನಾಲ್ಕಕ್ಕೆ ಹತ್ತಿಸಿದರೆ ಬಿಸಿಲೇರುವ ಮೊದಲೇ ಕೂಡ್ಲಿಗಿ ಸೇರುತ್ತೀರಿ. ನೆಲಕ್ಕೆ ಭತ್ತದ ಹುಲ್ಲು ದಪ್ಪಗೆ ಹಾಸಿ. ಟಗರು ಬೇರೆ, ಗಬ್ಬದ ಕುರಿ ಬೇರೆ, ಮಧ್ಯೆ ಬಿದಿರು ಕಟ್ಟಿ. ತುಂಬಾ ಬಿಡಿಯಾಗಿದ್ದರೂ ಬ್ರೇಕಿಗೆ ಬೀಳುತ್ತವೆ, ತುಂಬಾ ಒತ್ತಾಗಿದ್ದರೆ ಬಿದ್ದದ್ದು ಏಳುವುದಿಲ್ಲ. ಡ್ರೈವರ್‌ಗೆ ಒಂದು ಮಾತು ಖಡಕ್ಕಾಗಿ ಹೇಳಿ, ಚಹಾಕ್ಕೆ ಅಂತ ಬಿಸಿಲಲ್ಲಿ ನಿಲ್ಲಿಸಬಾರದು. ಓಡುವಾಗ ಗಾಳಿ ಆಡುತ್ತದೆ, ನಿಂತ ಲಾರಿ ಹತ್ತು ನಿಮಿಷದಲ್ಲಿ ಒಲೆ.

ಇಳಿಸಿದ ಮೇಲೆ ಮೊದಲು ನೀರು, ಮೂರು ನಾಲ್ಕು ಕಡೆ ಟಬ್ ಇಟ್ಟು. ಒಂದೇ ಕಡೆ ಇಟ್ಟರೆ ಬಲವಾದವು ಕುಡಿಯುತ್ತವೆ, ಬಡವು ನಿಂತು ನೋಡುತ್ತವೆ, ಜಿಂಕೆಯಲ್ಲೂ ಇದೇ ಕಥೆ. ಹಿಂಡಿಯನ್ನು ಎರಡು ದಿನ ಬಿಟ್ಟು ನಿಧಾನಕ್ಕೆ ಶುರು ಮಾಡಿ. ಅಲ್ಲಿ ಮೊದಲೇ ಬೇರೆ ಕುರಿ ಇದ್ದರೆ ಒಂದು ತಿಂಗಳು ಬೆರೆಸಬೇಡಿ, ಝೂಗೆ ಯಾವ ಪ್ರಾಣಿ ಬಂದರೂ ಮೊದಲು ಬೇರೆ ಇಡುವುದೇ ನಿಯಮ. ಮೊದಲ ನಾಲ್ಕೈದು ದಿನ ಬೆಳಿಗ್ಗೆ ಮೇವು ಹಾಕಿ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಕೊನೆಗೆ ಏಳುವುದು ಯಾವುದು, ಕಾಲು ಎಳೆಯುವುದು ಯಾವುದು, ಮೂತ್ರದ ಬಣ್ಣ ಏನು. ಅಂಥದ್ದು ಕಂಡರೆ ಗುಂಪಿಗೆ ಫೋಟೋ ಹಾಕಿ ಕಾಯಬೇಡಿ, ನೇರ ಡಾಕ್ಟರಿಗೆ ಫೋನ್ ಮಾಡಿ.

ಲಾರಿಯವನಿಗೆ ಅಡ್ವಾನ್ಸ್ ಕೊಡುವ ಮೊದಲು ಒಮ್ಮೆ ಹೋಗಿ ಅದರ ಹಿಂಬಾಗಿಲಿನ ಎತ್ತರ ಅಳೆದು ಬನ್ನಿ. ಅಳತೆ ಇಲ್ಲಿ ಹಾಕಿದರೆ ಹಲಗೆ ಎಷ್ಟು ಉದ್ದ ಬೇಕು ಅಂತ ಹೇಳುತ್ತೇನೆ.