ಧ್ಯಾನಕ್ಕೆ ಕೂತರೆ ಎದೆ ಬಡಿತ ಜಾಸ್ತಿ ಆಗುತ್ತದೆ, ಯಾಕೆ?

ಪ್ರಶ್ನೆ: ನನಗೆ 34 ವರ್ಷ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಒಂದು ವರ್ಷದಿಂದ ಕಾರಣವೇ ಇಲ್ಲದೆ ಆತಂಕ. ಒಂದು ಪುಟ ಓದುವಷ್ಟರಲ್ಲಿ ಮನಸ್ಸು ಹತ್ತು ಕಡೆ ಓಡುತ್ತದೆ. ಆತಂಕಕ್ಕೆ ಅಶ್ವಗಂಧ, ಏಕಾಗ್ರತೆಗೆ ಬ್ರಾಹ್ಮಿ ಒಳ್ಳೆಯದು ಎಂದು ಗೆಳತಿ ಹೇಳಿದಳು. ಎರಡು ತಿಂಗಳಿಂದ ಎರಡನ್ನೂ ತೆಗೆದುಕೊಳ್ಳುತ್ತಿದ್ದೇನೆ. ಬೆಳಿಗ್ಗೆ ಅರ್ಧ ಗಂಟೆ ಧ್ಯಾನವನ್ನೂ ಮಾಡುತ್ತೇನೆ. ಆದರೆ ಕಣ್ಣು ಮುಚ್ಚಿದ ಕೂಡಲೇ ಎದೆ ಡವಡವ ಎನ್ನುತ್ತದೆ. ನಿದ್ದೆಯೂ ಈಚೆಗೆ ಕೆಟ್ಟಿದೆ. ಎಲ್ಲಿ ತಪ್ಪುತ್ತಿದ್ದೇನೆ? ಅಂದ ಹಾಗೆ, ಥೈರಾಯ್ಡ್ ಕಡಿಮೆ ಇದೆ ಎಂದು ಐದು ವರ್ಷದಿಂದ ದಿನಾ ಮಾತ್ರೆ ನುಂಗುತ್ತೇನೆ.

ಉತ್ತರ: ‘ಅಂದ ಹಾಗೆ’ ಎಂದು ಕೊನೆಗೆ ಬರೆದಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ರೋಗಿಗಳು ಮುಖ್ಯವಾದ ಮಾತನ್ನು ಎದ್ದು ಹೊರಡುವಾಗಲೇ ಹೇಳುವುದು!

ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ. ನೀವು ಮಾತ್ರೆಯ ರೂಪದಲ್ಲಿ ಅದೇ ಹಾರ್ಮೋನನ್ನು ಈಗಾಗಲೇ ತೆಗೆದುಕೊಳ್ಳುತ್ತಿದ್ದೀರಿ. ಎರಡೂ ಸೇರಿ ಅಳತೆ ಮೀರಿದರೆ ಏನಾಗುತ್ತದೆ ಗೊತ್ತಾ? ಎದೆ ಬಡಿತ, ಕೈ ನಡುಕ, ಬೆವರು, ನಿದ್ದೆಗೇಡು, ಒಳಗೊಳಗೇ ಚಡಪಡಿಕೆ. ಥೇಟ್ ಆತಂಕದ ಹಾಗೆಯೇ ಕಾಣುತ್ತದೆ. ಹಾಗಾಗಿ ಸದ್ಯಕ್ಕೆ ಅಶ್ವಗಂಧ ನಿಲ್ಲಿಸಿ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ನೀವಾಗಿಯೇ ಬಿಡಬೇಡಿ, ಕಡಿಮೆಯನ್ನೂ ಮಾಡಬೇಡಿ. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಅಶ್ವಗಂಧದ ವಿಷಯ ಹೇಳಿ, ಥೈರಾಯ್ಡ್ ಹೆಚ್ಚೋ ಕಡಿಮೆಯೋ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ನಿಮ್ಮ ತೊಂದರೆಗೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆತಂಕ ಒಂದು ವರ್ಷದಿಂದ ಇದೆ, ಪುಡಿ ಶುರುವಾಗಿದ್ದು ಎರಡು ತಿಂಗಳಿಂದ. ಆದರೆ ಮೊದಲು ಇದನ್ನು ನೋಡದೆ ಮುಂದಿನ ಯಾವ ಸಲಹೆಯೂ ದಂಡ.

ಅಶ್ವಗಂಧವೇ ಕೆಟ್ಟದ್ದು ಅಂತಲ್ಲ. ಆರೆಂಟು ವಾರ ತೆಗೆದುಕೊಂಡವರಲ್ಲಿ ಆತಂಕ ಸ್ವಲ್ಪ ತಗ್ಗಿದ್ದು, ನಿದ್ದೆ ಸುಧಾರಿಸಿದ್ದು ಸಣ್ಣ ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದು ಎಲ್ಲರಿಗೂ ಹೊಂದುವುದಿಲ್ಲ. ಗರ್ಭಿಣಿಯರಿಗೆ ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದ ಉದಾಹರಣೆಗಳೂ ಇವೆ. ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅವತ್ತೇ ವೈದ್ಯರನ್ನು ಕಾಣಬೇಕು.

ಇನ್ನು ಬ್ರಾಹ್ಮಿ. ನೀವು ತಿನ್ನುತ್ತಿರುವುದು ಯಾವ ಬ್ರಾಹ್ಮಿ? ಈ ಒಂದು ಹೆಸರು ಎರಡು ಗಿಡಗಳಿಗಿದೆ. ಒಂದು ಒಂದೆಲಗ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಇನ್ನೊಂದು ಜೌಗಿನಲ್ಲಿ ಹಬ್ಬುವ, ಪುಟ್ಟ ದಪ್ಪ ಎಲೆಯ ನೀರುಬ್ರಾಹ್ಮಿ. ಡಬ್ಬಿಯ ಮೇಲೆ ‘ಸೆಂಟೆಲ್ಲಾ’ ಎಂದಿದ್ದರೆ ಒಂದೆಲಗ, ‘ಬಕೋಪಾ’ ಎಂದಿದ್ದರೆ ನೀರುಬ್ರಾಹ್ಮಿ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆ ಬುದ್ಧಿಗೆ ಹೇಳಿದ ನಾಲ್ಕು ರಸಾಯನಗಳಲ್ಲಿ, ಅಂದರೆ ಶಕ್ತಿ ತುಂಬುವ ಔಷಧಗಳಲ್ಲಿ, ಬರುವುದು ಮಂಡೂಕಪರ್ಣಿ. ಉಳಿದವು ಜ್ಯೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಈಗಿನ ಕಾಲದ ನೆನಪಿನ ಶಕ್ತಿಯ ಪ್ರಯೋಗಗಳು ಹೆಚ್ಚಾಗಿ ನಡೆದಿರುವುದು ನೀರುಬ್ರಾಹ್ಮಿಯ ಮೇಲೆ. ಒಂದರ ಫಲವನ್ನು ಇನ್ನೊಂದರ ಡಬ್ಬಿಗೆ ಅಂಟಿಸಿ ಮಾರುವವರಿಗೇನೂ ಕಮ್ಮಿ ಇಲ್ಲ ಬಿಡಿ. ಆ ಪ್ರಯೋಗಗಳಲ್ಲೂ ಗುಣ ಕಂಡಿದ್ದು ಸುಮಾರು 12 ವಾರ ಬಿಡದೆ ತೆಗೆದುಕೊಂಡ ಮೇಲೆ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಭೇದಿಯಾಗುತ್ತದೆ. ನೀವು ಸದ್ಯಕ್ಕೆ ಇದನ್ನೂ ನಿಲ್ಲಿಸಿ. ಎರಡನ್ನು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತು ಅಂತಲೇ ತಿಳಿಯುವುದಿಲ್ಲ.

ಅಷ್ಟಕ್ಕೂ ನಿಮಗೆ ಇರುವುದು ಎರಡು ಕಾಯಿಲೆ ಅಲ್ಲ, ಎರಡು ಪುಡಿ ಯಾಕೆ? ಆತಂಕಗೊಂಡ ಮನಸ್ಸು ಅಪಾಯ ಎಲ್ಲಿದೆ ಎಂದು ಸುತ್ತಲೂ ಹುಡುಕುತ್ತಿರುತ್ತದೆ. ಅದು ಪುಸ್ತಕದ ಮೇಲೆ ಹೇಗೆ ನಿಂತೀತು? ದಿಗಿಲು ಇಳಿದರೆ ಗಮನ ತಾನಾಗಿಯೇ ಮರಳುತ್ತದೆ.

ಧ್ಯಾನಕ್ಕೆ ಬರೋಣ. ಮನಸ್ಸಿನ ಚಿಕಿತ್ಸೆಗೆ ಚರಕ ಸಂಹಿತೆಯಲ್ಲಿ ‘ಸತ್ತ್ವಾವಜಯ’ ಎಂಬ ಹೆಸರಿದೆ. ಕೆಡುಕು ಮಾಡುವ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಕರೆಯುವುದು ಎಂದು ಅರ್ಥ. ಕಣ್ಣು ಮುಚ್ಚಿ ಅರ್ಧ ಗಂಟೆ ಕೂರಲೇಬೇಕು ಎಂದೇನೂ ಅದು ಹೇಳುವುದಿಲ್ಲ. ನೀವು ಹೆದರಿದ ಮನಸ್ಸನ್ನು ಕತ್ತಲೆ ಕೋಣೆಗೆ ಹಾಕಿ ಬಾಗಿಲು ಮುಚ್ಚುತ್ತಿದ್ದೀರಿ. ಹೊರಗಿನ ಸದ್ದು ನಿಂತಾಗ ಒಳಗಿನ ಬಡಿತವೇ ದೊಡ್ಡದಾಗಿ ಕೇಳುತ್ತದೆ. ಅದನ್ನು ಕೇಳಿ ಇನ್ನಷ್ಟು ದಿಗಿಲು.

ಹೀಗೆ ಮಾಡಿ ನೋಡಿ. ಕಣ್ಣು ತೆರೆದೇ ಕೂರಿ. ಐದಾರು ಅಡಿ ದೂರದ ನೆಲವನ್ನು ಸುಮ್ನೆ ನೋಡುತ್ತಿರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ. ಉಸಿರು ಕಟ್ಟಬೇಡಿ. ಉಸಿರು ಬಿಡುವಾಗ ಹೃದಯದ ಬಡಿತ ಸಹಜವಾಗಿಯೇ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಉಸಿರು ಉದ್ದ ಇರಲಿ. ಎಣಿಕೆ ಕಿರಿಕಿರಿ ಅನಿಸಿದರೆ ಬಿಡುವಾಗ ದುಂಬಿಯ ಹಾಗೆ ‘ಮ್ಮ್’ ಎಂದು ಗುನುಗಿ. ಅದೇ ಭ್ರಾಮರಿ. ಐದು ನಿಮಿಷ ಸಾಕು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆಗಲೂ ಎದೆ ಹೊಡೆದುಕೊಂಡರೆ ಎದ್ದು ನಿಧಾನವಾಗಿ ನಡೆಯಿರಿ, ಪಾದ ನೆಲಕ್ಕೆ ತಾಗುವುದನ್ನು ಗಮನಿಸಿ. ಅದೂ ಧ್ಯಾನವೇ.

ಮಧ್ಯಾಹ್ನದ ಮೇಲೆ ಕಾಫಿ ಬಿಡಿ. ಹೇಳುವುದು ಸುಲಭ, ಗೊತ್ತು. ಪರೀಕ್ಷೆಯ ಫಲ ಸರಿ ಇದ್ದು, ಒಂದು ತಿಂಗಳಾದರೂ ಆತಂಕ ಕೆಲಸಕ್ಕೆ ಅಡ್ಡಿ ಮಾಡುತ್ತಿದ್ದರೆ ಮನೋವೈದ್ಯರನ್ನು ನೋಡಿ. ಎದೆ ನೋವು, ತಲೆ ಸುತ್ತು ಬಂದರೆ ಅಥವಾ ಬದುಕೇ ಬೇಡ ಅನಿಸಿದರೆ ತಿಂಗಳು ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ರಾತ್ರಿ ಆತಂಕದ ಮಾತ್ರೆ ತೆಗೆದುಕೊಳ್ಳುತ್ತೇನೆ. ಅದನ್ನು ಬಿಟ್ಟು ಜಟಾಮಾಂಸಿ ಎಂಬ ಗಿಡಮೂಲಿಕೆಗೆ ಬದಲಾಯಿಸಬಹುದಾ?

ಉತ್ತರ: ಇದ್ದಕ್ಕಿದ್ದಂತೆ ಬೇಡ. ಇಂಥ ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಆತಂಕ ಮೊದಲಿಗಿಂತ ಜೋರಾಗಿ ತಿರುಗಿ ಬರುತ್ತದೆ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು, ಅದೂ ಬರೆದುಕೊಟ್ಟವರ ಕಣ್ಣೆದುರಿಗೇ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವ ಉಪಾಯವೂ ಬೇಡ, ಜಟಾಮಾಂಸಿಯೂ ಮಂಪರು ತರುತ್ತದೆ. ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದು ಆಯುರ್ವೇದ ವೈದ್ಯರಿಗೂ ತೋರಿಸಿ.