ಕಾಗದದ ಚೂರು, ಘಾಟಿನ ರಸ್ತೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಹುಬ್ಬಳ್ಳಿ ಕಡೆಯವರು, ವಯಸ್ಸು 31. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಾಕಡ್‌ನಲ್ಲಿ ಬಾಡಿಗೆ ಮನೆ. ಹದಿನಾಲ್ಕು ತಿಂಗಳ ಹಿಂದೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಖಂಡಾಲಾ ಘಾಟಿನಲ್ಲಿ ರಾತ್ರಿ ಅಪಘಾತವಾಯಿತು. ಸ್ಟೇರಿಂಗ್ ಹಿಡಿದಿದ್ದವರು ಇವರೇ. ಪಕ್ಕದಲ್ಲಿದ್ದ ಗೆಳೆಯ ಉಳಿಯಲಿಲ್ಲ. ಅಂದಿನಿಂದ ಚಿಕಿತ್ಸೆಗೆ ಬರುವ ತನಕ ಕಾರು ಮುಟ್ಟಿರಲಿಲ್ಲ, ಊರಿಗೆ ರೈಲಿನಲ್ಲೇ ಓಡಾಟ. ಬ್ರೇಕ್ ಸುಟ್ಟ ವಾಸನೆ ಬಂದರೆ ಕೈ ನಡುಗುತ್ತದೆ, ವಾರಕ್ಕೆ ನಾಲ್ಕೈದು ರಾತ್ರಿ ಕೆಟ್ಟ ಕನಸು. ಪಿಸಿಎಲ್-5 ಪ್ರಶ್ನಾವಳಿಯಲ್ಲಿ 80ಕ್ಕೆ 52 ಬಂತು. ಸಾಮಾನ್ಯವಾಗಿ 31–33 ದಾಟಿದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಒತ್ತಡದ ಕಾಯಿಲೆ) ಇರಬಹುದೆಂದು ಮುಂದಿನ ತಪಾಸಣೆ ಮಾಡುತ್ತೇವೆ.

ಚಿಕಿತ್ಸೆ ಶುರುವಾಗಿ ನಾಲ್ಕನೇ ಭೇಟಿಯ ಹೊತ್ತಿಗೆ ಏನೋ ಹೊಂದುತ್ತಿಲ್ಲ ಅನ್ನಿಸಿತು. ಎರಡು ದಿನ ಹುರುಪು, ಮರುದಿನ ಸಿಡುಕು. ಇನ್ನೊಮ್ಮೆ ಕೇಳಿದಾಗ ಹೇಳಿದರು: "ನಶಾ ಅಲ್ಲರಿ ಮೇಡಂ. ಏನೂ ಗೊತ್ತಾಗಂಗಿಲ್ಲ, ಅಷ್ಟು ಸಣ್ಣ ಚೂರು." ಗೋವಾದಿಂದ ಗೆಳೆಯನೊಬ್ಬ ತಂದುಕೊಟ್ಟ ಎಲ್‌ಎಸ್‌ಡಿ (ಭ್ರಮೆ ಹುಟ್ಟಿಸುವ ಮಾದಕವಸ್ತು) ಹೀರಿಸಿದ ಕಾಗದವನ್ನು ಬ್ಲೇಡಿನಿಂದ ಹತ್ತು ತುಂಡು ಮಾಡಿ, ಒಂದು ದಿನ ತಗೊಂಡು ಎರಡು ದಿನ ಬಿಡುವ ಲೆಕ್ಕದಲ್ಲಿ ಏಳು ವಾರ ನಡೆಸಿದ್ದರು. ಮೈಕ್ರೋಡೋಸಿಂಗ್ ಅನ್ನುವುದು ಇದನ್ನೇ.

ಇಂಥ ಮಾತು ಬಾಯಿಗೆ ಬಂದ ಗಳಿಗೆಯಲ್ಲಿ ಬುದ್ಧಿ ಹೇಳಲು ಹೋದರೆ ಮುಂದಿನ ಭೇಟಿಗೆ ಮನುಷ್ಯ ಬರುವುದಿಲ್ಲ. ಮೊದಲು ಗೋಪ್ಯತೆ ತಿಳಿಸಿದೆವು: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ನಿನಂತೆ ಇಲ್ಲಿನ ಮಾತು ಹೊರಹೋಗುವುದಿಲ್ಲ, ಯಾರದಾದರೂ ಜೀವಕ್ಕೆ ಅಪಾಯವಿದ್ದರೆ ಆ ಮಾತು ಬೇರೆ. ಆಮೇಲೆ ಕೇಳಿದ್ದು ಇಷ್ಟು: ಕೊನೆಯ ಚೂರು ಯಾವಾಗ, ಜೊತೆಗೆ ಯಾವ ಮಾತ್ರೆ, ಕುಡಿತ ಎಷ್ಟು, ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಅಥವಾ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಕಾಯಿಲೆ) ಇತ್ತೇ, ಸಾಯುವ ಯೋಚನೆ ಬಂದಿದೆಯೇ. ಎರಡು ಉತ್ತರಗಳು ಮುಖ್ಯವಾದವು. ಸೋದರಮಾವನಿಗೆ ಬೈಪೋಲಾರ್ ಇದೆ. ಮನೋವೈದ್ಯರು ಕೊಟ್ಟಿದ್ದ ಸರ್ಟ್ರಾಲೀನ್ 100 ಮಿಲಿಗ್ರಾಂ ಮಾತ್ರೆಯನ್ನು ಇವರು ಯಾರನ್ನೂ ಕೇಳದೆ ಅರ್ಧಕ್ಕೆ ಇಳಿಸಿದ್ದಾರೆ, ಕಾರಣ ಅದು ಚೂರಿನ ಪರಿಣಾಮ ಕುಗ್ಗಿಸುತ್ತದೆಂದು ಎಲ್ಲೋ ಓದಿದ್ದರು. ಓದಿದ್ದು ಸುಳ್ಳಲ್ಲ, ಸರ್ಟ್ರಾಲೀನ್ ಸೇರಿರುವ ಎಸ್‌ಎಸ್‌ಆರ್‌ಐ ಎಂಬ ಖಿನ್ನತೆ ನಿವಾರಕ ಗುಂಪಿನ ಮಾತ್ರೆಗಳು ಹಾಗೆ ಮಾಡುವುದುಂಟು. ಆದರೆ ಮಾತ್ರೆ ತಟ್ಟನೆ ಇಳಿಸಿದಾಗ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದ ಅನುಭವ, ಚುರುಕು ಸಿಟ್ಟು, ಕಣ್ಣಿಗೆ ಕಟ್ಟುವಂಥ ಕನಸು ಬರುತ್ತವೆ. ಅದನ್ನೆಲ್ಲ ಇವರು "ಒಳಗಿದ್ದ ನೋವು ಹೊರಗ ಬರಾಕತ್ತೈತಿ" ಎಂದು ಲೆಕ್ಕ ಹಾಕಿಕೊಂಡಿದ್ದರು!

ಇಂಥ ವಸ್ತುಗಳಿಂದ ಗುಣವಾಗುತ್ತದೆಯೇ ಎಂಬ ಪುರಾವೆಯ ವಿಷಯದಲ್ಲಿ ದೊಡ್ಡ ಗೊಂದಲವಿದೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಎಂಡಿಎಂಎ ಎಂಬ ಇನ್ನೊಂದು ಮಾದಕವಸ್ತುವನ್ನು ಔಷಧವಾಗಿ ಬರೆಯಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಅದೇ ಚಿಕಿತ್ಸೆಗೆ ಒಪ್ಪಿಗೆ ಕೊಡಲಿಲ್ಲ. ಎರಡೂ ಕಡೆ ಮಾತಾಡಿದ್ದು ಪೂರ್ಣ ಪ್ರಮಾಣದ ಔಷಧದ ಬಗ್ಗೆ. ಅಲ್ಲಿ ಕೆಲವೇ ಬಾರಿ ಕೊಡುತ್ತಾರೆ, ಚಿಕಿತ್ಸಕರು ಗಂಟೆಗಟ್ಟಲೆ ಪಕ್ಕದಲ್ಲೇ ಕೂತಿರುತ್ತಾರೆ. ಮನೆಯಲ್ಲಿ ಕತ್ತರಿಸಿದ ಚೂರಿಗೂ ಅದಕ್ಕೂ ಹೆಸರಿನ ನಂಟು ಸಹ ಇಲ್ಲ, ಔಷಧವೇ ಬೇರೆ. ಚೂರಿನ ಬಗ್ಗೆ ಇರುವ ಒಳ್ಳೆಯ ಅಧ್ಯಯನವೊಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನದು, 2021ರಲ್ಲಿ ಪ್ರಕಟವಾಯಿತು. 191 ಮಂದಿ, ಯಾವ ವಾರ ನಿಜವಾದ ಚೂರು, ಯಾವ ವಾರ ಖಾಲಿ ಕ್ಯಾಪ್ಸೂಲ್ ಎಂದು ಅವರಿಗೇ ತಿಳಿಯದಂತೆ ಏರ್ಪಾಡು. ಮನಸ್ಸು ಹಗುರಾದದ್ದು ಚೂರು ತಗೊಂಡವರಿಗೂ ಖಾಲಿ ಕ್ಯಾಪ್ಸೂಲ್ ತಗೊಂಡವರಿಗೂ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ.

ಇನ್ನು ಆ ಕಾಗದ. ಹತ್ತು ಸಮ ತುಂಡು ಮಾಡಿದರೆ ಔಷಧವೂ ಹತ್ತು ಸಮಪಾಲಾಗುವುದಿಲ್ಲ. ದ್ರವ ಕಾಗದದ ಮೇಲೆ ಒಂದೇ ಸಮ ಹರಡಿರುವುದಿಲ್ಲ. ಬೆಳಕು, ಬಿಸಿಗೆ ಎಲ್‌ಎಸ್‌ಡಿ ಕೆಡುತ್ತದೆ. ಒಂದು ಚೂರು ಸಪ್ಪೆ, ಇನ್ನೊಂದು ಮೂರು ಪಟ್ಟು ಇರಬಹುದು. ಎಲ್‌ಎಸ್‌ಡಿ ಎಂದು ಎನ್‌ಬೋಮ್ ಎಂಬ ಬೇರೆಯೇ ರಾಸಾಯನಿಕ ಮಾರುವುದೂ ಇದೆ, ಅದರಿಂದ ಜನ ಸತ್ತಿದ್ದಾರೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ತಗೊಳ್ಳುವವರಿಗೆ ಎಲ್‌ಎಸ್‌ಡಿಯಿಂದ ಫಿಟ್ಸ್ ಬಂದ ವರದಿಗಳಿವೆ. ಸೋದರಮಾವನ ಮನೆಯಲ್ಲಿ ಈ ಕಾಗದ ಇಡಬೇಡಿ ಎಂದೂ ಹೇಳಿದೆವು. ಕಾನೂನು ಒಂದೇ ಮಾತಿನಲ್ಲಿ: 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ ಎಷ್ಟು ಸಣ್ಣ ಚೂರಾದರೂ ಅಪರಾಧವೇ.

ಇವೆಲ್ಲಕ್ಕಿಂತ ಚಿಕಿತ್ಸೆಗೆ ಅಡ್ಡಿಯಾದದ್ದು ಬೇರೆಯದು. ಇವರಿಗೆ ಕೊಡುತ್ತಿದ್ದ ದೀರ್ಘ ಎದುರಿಸುವಿಕೆ (ಪ್ರೊಲಾಂಗ್ಡ್ ಎಕ್ಸ್‌ಪೋಶರ್) ಎಂಬ ವಿಧಾನದಲ್ಲಿ 90 ನಿಮಿಷದ 8ರಿಂದ 15 ಭೇಟಿ ಇರುತ್ತವೆ. ಕಣ್ಣು ಮುಚ್ಚಿ ಘಟನೆಯನ್ನು ಈಗ ನಡೆಯುತ್ತಿರುವಂತೆ ಹೇಳಬೇಕು, ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ದಿನವೂ ಕೇಳಬೇಕು. ತಪ್ಪಿಸಿಕೊಂಡ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ, ಕಳವಳ 0–100ರಲ್ಲಿ ಎಷ್ಟೆಂದು ಬರೆದು, ಅದು ಅರ್ಧಕ್ಕಾದರೂ ಇಳಿಯುವ ತನಕ ಅಲ್ಲೇ ಇರಬೇಕು. ಇದರಿಂದ ಮನಸ್ಸು ಕಲಿಯುವುದು ಒಂದೇ: "ಇಲ್ಲಿ ಕೂತೆ, ಏನೂ ಆಗಲಿಲ್ಲ." ಚೂರು ತಿಂದು ಕೂತವನು ಕಲಿಯುವುದು "ಚೂರು ಇದ್ದದ್ದಕ್ಕೆ ಏನೂ ಆಗಲಿಲ್ಲ" ಎಂದು. ಗೆದ್ದ ಶ್ರೇಯಸ್ಸು ಕಾಗದಕ್ಕೆ ಹೋಗುತ್ತದೆ. ಇವರು ತಿಂದ ದಿನ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂರುತ್ತಿದ್ದರು, ಬಿಟ್ಟ ದಿನ ಲಿಫ್ಟಿನಿಂದ ಹೊರಗೆ ಬರುತ್ತಿರಲಿಲ್ಲ. ನಾಲ್ಕನೇ ಭೇಟಿಗೂ ತಿಂದೇ ಬಂದಿದ್ದರು. ಅಂದು ಕಳವಳದ ಅಂಕ 85ರಲ್ಲೇ ನಿಂತಿತು, ಮುಂದಿನ ಎರಡು ರಾತ್ರಿ ನಿದ್ದೆ ಇಲ್ಲ.

ಕೊಟ್ಟ ಸಲಹೆ ಹೀಗಿತ್ತು. ಚೂರು ಇಂದಿಗೇ ನಿಲ್ಲಲಿ. ಈ ಪ್ರಮಾಣದಲ್ಲಿ ಹಂತಹಂತವಾಗಿ ಇಳಿಸುವ ಅಗತ್ಯವಿಲ್ಲ. ಸರ್ಟ್ರಾಲೀನ್ ಮಾತ್ರ ನಿಮ್ಮ ಲೆಕ್ಕದಲ್ಲಿ ಏರಿಸಬೇಡಿ, ಇಳಿಸಬೇಡಿ. ಈ ವಾರವೇ ಮನೋವೈದ್ಯರಿಗೆ ಎಲ್ಲ ಹೇಳಿ, ಸೋದರಮಾವನ ವಿಷಯವನ್ನೂ ಸೇರಿಸಿ. ಎರಡು ವಾರ ಘಾಟಿನ ಕಥೆ ಬೇಡ. ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಸಾಕು: ನಿದ್ದೆಯ ಗಂಟೆ, ಕನಸು, ಸಿಟ್ಟು, ಕಾರಿನಲ್ಲಿ ಕೂತ ನಿಮಿಷ. ಮೂರು-ನಾಲ್ಕು ತಾಸಷ್ಟೇ ಮಲಗಿಯೂ ದಣಿವಾಗದಿದ್ದರೆ, ಮಾತು ಓಡತೊಡಗಿದರೆ ಅದು ಉನ್ಮಾದದ ಸುಳಿವಿರಬಹುದು, ಕಾಯದೆ ವೈದ್ಯರಿಗೆ ಫೋನ್ ಮಾಡಿ. ರಾತ್ರಿ ಸಾಯುವ ಯೋಚನೆ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಮೂರನೇ ವಾರ ಮತ್ತೆ ಮೊದಲ ಮೆಟ್ಟಿಲಿನಿಂದ. ಇಷ್ಟು ದಿನ ಇವರು ಅಪಘಾತವನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು, ಪೊಲೀಸರಿಗೆ ಬರೆದುಕೊಟ್ಟ ಹೇಳಿಕೆಯಂತೆ ಒಣಗಿ ಹೋಗಿತ್ತು. ಮನೆಮಾತಿನಲ್ಲಿ ಹೇಳಿ ಎಂದೆವು. "ಲಾರಿ ಬರಾಕತ್ತೈತಿ, ಅವಾ ನನ್ನ ಹೆಸರು ಕರೀತಾನ" ಎಂದಾಗ ಅಳು ಬಂತು, ಅಂಕ 90ಕ್ಕೆ ಏರಿತು. ಅದೇ ಭೇಟಿಯ ಕೊನೆಗೆ 50. ಮುಂದಿನ ಮೆಟ್ಟಿಲುಗಳು ಹೀಗೆ: ಎಂಜಿನ್ ಆರಿಸಿದ ಕಾರು, ವಾಕಡ್ ಸೇತುವೆ, ತಳೇಗಾಂವ್ ತನಕ ಹಗಲು ಪಕ್ಕದ ಸೀಟು, ಆಮೇಲೆ ಸ್ಟೇರಿಂಗ್. ಹನ್ನೊಂದನೇ ಭೇಟಿಗೆ ಪಿಸಿಎಲ್-5 ಅಂಕ 24.

ಖಂಡಾಲಾ ಘಾಟಿಯ ರಾತ್ರಿ ಪಯಣ ಪಟ್ಟಿಯ ತುದಿಯಲ್ಲಿ ಹಾಗೇ ಇದೆ. ದೀಪಾವಳಿಗೆ ಹುಬ್ಬಳ್ಳಿಗೆ ಕಾರಿನಲ್ಲಿ ಹೊರಡುವ ಯೋಚನೆಯಿದೆ: ಕಾತ್ರಜ್, ಖಂಬಾಟ್ಕಿ ಘಾಟು ದಾಟಿ ಸಾತಾರಾದವರೆಗೆ ಅಣ್ಣ, ಅಲ್ಲಿಂದ ಇವರು.